ಮೂರು ವರ್ಷ ಓಡಿದ ಸ್ಟೀರಿಯೊ ಸೆಟ್: ದನಿಗೆ ಮಾತಿಲ್ಲ, ಬೆನ್ನೇ ತಲೆನೋವು

ವ್ಯಾಟು, ಬ್ಲೂಟೂತು, ರಿಮೋಟು ಎಲ್ಲ ಡಬ್ಬದ ಮೇಲೇ ಅಚ್ಚಾಗಿದೆ, ಅದನ್ನು ಬಿಡೋಣ. ಎಫ್‌ಎಂ ಇರುವ ಆಂಪ್ಲಿಫೈಯರ್, ಜೊತೆಗೆ ಎರಡು ಬುಕ್‌ಶೆಲ್ಫ್ ಸ್ಪೀಕರ್, ಎಲ್ಲ ಸೇರಿ 20,000 ರೂಪಾಯಿಯೊಳಗೆ. ಮೈಸೂರಿನ ಹಳೇ ಮನೆಯ ಕೆಂಪು ನೆಲದ ಹಜಾರದಲ್ಲಿ 3 ವರ್ಷದಿಂದ ದಿನಾ ಹಾಡುತ್ತಿದೆ. ಈ ಸೆಟ್ಟಿನ ಮೇಲೆ ಕೇಳಿಬರುವ ದೂರು ಒಂದೇ: ಬಾಸ್ (ತಗ್ಗಿನ ಸ್ವರ) ಇಲ್ಲ, ದನಿ ತೆಳು. ಬಾಸ್ ಧಾರಾಳವಾಗಿದೆ. ಅದು ಸಾಯುವುದು ಹಿಂಬದಿಯಲ್ಲಿ ಸ್ಪೀಕರ್ ವೈರ್ ಸಿಕ್ಕಿಸುವ ಸ್ಪ್ರಿಂಗ್ ಕ್ಲಿಪ್ಪಿನಲ್ಲಿ.

ಪ್ಲಸ್, ಮೈನಸ್ ಗುರುತನ್ನು ಕಪ್ಪು ಪ್ಲಾಸ್ಟಿಕ್ಕಿನ ಮೇಲೆ ಕಪ್ಪಾಗಿಯೇ ಉಬ್ಬಿಸಿದ್ದಾರೆ. ಜೊತೆಗೆ ಕೊಟ್ಟ ವೈರಿನ ಎರಡು ಎಳೆಗಳೂ ಒಂದೇ ಬಣ್ಣ. ಒಂದರ ಮೇಲೆ ಉಗುರಿಗೆ ಮಾತ್ರ ಸಿಗುವ ಗೀರು. ಗೋಡೆ ಕಡೆ ಬಗ್ಗಿ, ಕತ್ತಲಲ್ಲಿ ತಡಕಿ ಸಿಕ್ಕಿಸಿದರೆ ಒಂದು ಸ್ಪೀಕರಿನ ಪ್ಲಸ್-ಮೈನಸ್ ಉಲ್ಟಾ ಆಗದೇ ಇದ್ದರೆ ಅದು ಅದೃಷ್ಟ. ಎರಡೂ ಉಲ್ಟಾ ಆದರೆ ತೊಂದರೆ ಗೊತ್ತಾಗುವುದಿಲ್ಲ. ಒಂದೇ ಆದರೆ ಒಂದರ ಕೋನ್ (ದನಿ ಹೊರಡಿಸುವ ಪೊರೆ) ಮುಂದೆ ತಳ್ಳುವಾಗ ಇನ್ನೊಂದರದು ಹಿಂದಕ್ಕೆ ಎಳೆಯುತ್ತದೆ, ತಗ್ಗಿನ ಸ್ವರಗಳು ಗಾಳಿಯಲ್ಲೇ ವಜಾ. ಮೃದಂಗದ ಗುಂಕಿ ಮಾಯ. ಹಾಡುವವರ ಗಂಟಲು ನಡುವೆ ನಿಲ್ಲದೆ ಎರಡು ಗೋಡೆಗೂ ಹಂಚಿಹೋಗುತ್ತದೆ. ಕೈಪಿಡಿಯಲ್ಲಿ ಇದಕ್ಕೆ ಒಂದೇ ಸಾಲು: ಸರಿಯಾಗಿ ಜೋಡಿಸಿ.

ಪರೀಕ್ಷೆಗೆ ಬೇರೇನೂ ಬೇಡ. ಮೈಸೂರು ಆಕಾಶವಾಣಿ 100.6 ಹಾಕಿ, ಮೋನೊ (ಎರಡೂ ಸ್ಪೀಕರಿಗೆ ಒಂದೇ ದನಿ) ಒತ್ತಿ, ಎರಡು ಸ್ಪೀಕರಿನ ಮಧ್ಯಕ್ಕೆ ಎದುರಾಗಿ ಕೂತು ವಾರ್ತೆ ಕೇಳಿ. ಓದುವವರು ನಡುವಿನ ಖಾಲಿ ಗೋಡೆಯಿಂದಲೇ ಮಾತಾಡಬೇಕು. ಎಲ್ಲಿಂದ ಬರುತ್ತಿದೆ ಎಂದು ಬೆರಳು ತೋರಿಸಲು ಆಗದಿದ್ದರೆ ಸ್ವಿಚ್ ಆರಿಸಿ, ಒಂದು ಸ್ಪೀಕರಿನ ಎರಡು ಎಳೆ ಮಾತ್ರ ಅದಲುಬದಲು ಮಾಡಿ. ಇನ್ನೂ ಅನುಮಾನವೇ? ವೈರನ್ನು ಆಂಪ್ಲಿಫೈಯರಿನಿಂದ ಬಿಡಿಸಿ, ಆ ತುದಿಗೆ 1.5 ವೋಲ್ಟಿನ ಪೆನ್ಸಿಲ್ ಸೆಲ್ ಒಂದು ಕ್ಷಣ ತಾಗಿಸಿ ತೆಗೆಯಿರಿ. ವೂಫರ್ (ತಗ್ಗಿನ ಸ್ವರದ ದೊಡ್ಡ ಸ್ಪೀಕರ್) ಕೋನ್ ಹೊರಕ್ಕೆ ಚಿಮ್ಮಿದರೆ ಸೆಲ್ಲಿನ ಪ್ಲಸ್ ತಾಗಿದ ಎಳೆಯೇ ಪ್ಲಸ್. ಅದಕ್ಕೆ ಅಲ್ಲೇ ಒಂದು ಕೆಂಪು ದಾರ ಕಟ್ಟಿಬಿಡಿ.

ವೈರಿನ ಸಿಪ್ಪೆ ಸುಲಿಯುವುದು 10 ಮಿಲಿಮೀಟರ್, ಅಷ್ಟೇ. ಹಲ್ಲಲ್ಲಿ ಕಚ್ಚಿ ಒಂದು ಇಂಚು ಸುಲಿದರೆ ಕ್ಲಿಪ್ಪಿನ ಹೊರಗೆ ತಾಮ್ರ ಇಣುಕುತ್ತದೆ. ಕೂದಲೆಳೆಯಂಥ ಒಂದು ತಂತಿ ಪಕ್ಕದ್ದಕ್ಕೆ ತಾಗಿದರೂ ಶಾರ್ಟ್. ಪ್ರೊಟೆಕ್ಷನ್ ಬಿದ್ದು ಸೆಟ್ ಆರಿದರೆ ಪುಣ್ಯ, ಇಲ್ಲದಿದ್ದರೆ ಸ್ಪೀಕರನ್ನು ಓಡಿಸುವ ಚಿಪ್ಪು, ಔಟ್‌ಪುಟ್ ಐಸಿಯೇ ಹೋಗುತ್ತದೆ. ಎಳೆಗಳನ್ನು ಬಿಗಿಯಾಗಿ ಹೊಸೆದೇ ತೂರಿಸಬೇಕು. ಡಬ್ಬದ ವೈರನ್ನು ಬ್ಲೇಡಿನಲ್ಲಿ ಕೆರೆದು ನೋಡಿ: ಒಳಗೆ ಬಿಳಿ. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಅದು, ಅದನ್ನು ಎಸೆಯಿರಿ. ಎಲೆಕ್ಟ್ರಿಕಲ್ ಅಂಗಡಿಯ 1.5 ಚದರ ಮಿಲಿಮೀಟರ್ ಎರಡೆಳೆ ತಾಮ್ರದ ವೈರ್ ಸಾಕು. 5 ಮೀಟರ್ ಓಡಿಸಿದರೂ ಹೋಗಿಬರುವ ದಾರಿಯ ರೆಸಿಸ್ಟೆನ್ಸ್ ಸುಮಾರು 0.12 ಓಮ್, 8 ಓಮ್ ಸ್ಪೀಕರಿಗೆ ಲೆಕ್ಕಕ್ಕೇ ಇಲ್ಲ. ಚಿನ್ನದ ಲೇಪದ ಕೇಬಲ್ಲಿನ ದುಡ್ಡಲ್ಲಿ ಮೈಸೂರು ಪಾಕ್ ತಿನ್ನಬಹುದು.

ಈ ಉಲ್ಟಾ ವೈರಿನ ಬೆನ್ನಿಗೇ ಎರಡನೇ ತಪ್ಪು ಬರುತ್ತದೆ. ಬಾಸ್ ಸಾಲದು ಅಂತ ಬಾಸ್ ಗುಂಡಿಯನ್ನು ಪೂರಾ ತಿರುಗಿಸುತ್ತಾರೆ, ಸ್ಪೀಕರನ್ನು ಶೋಕೇಸಿನಲ್ಲಿ ದಸರಾ ಬೊಂಬೆಗಳ ಪಕ್ಕ ತುರುಕುತ್ತಾರೆ. ಇವುಗಳ ಗಾಳಿ ತೂತು ಇರುವುದು ಹಿಂದೆ. ಗೋಡೆಯಿಂದ 30 ಸೆಂಟಿಮೀಟರ್ ಆದರೂ ದೂರ ಬೇಕು. ವೈರ್ ಸರಿಮಾಡಿದ ದಿನ ಅದೇ ಶೋಕೇಸ್ ಗುಂಯ್‌ಗುಡುತ್ತದೆ, ಆಗ ಬಯ್ಯಿಸಿಕೊಳ್ಳುವುದು ಮತ್ತೆ ಸೆಟ್ಟೇ. ಗುಂಡಿಯನ್ನು ನಡುವಿಗೆ ತನ್ನಿ, ಸ್ಪೀಕರನ್ನು ಸ್ಟೂಲಿಗೆ ಇಳಿಸಿ, ಟ್ವೀಟರ್ (ಮೇಲಿನ ಸ್ವರದ ಚಿಕ್ಕ ಸ್ಪೀಕರ್) ಕಿವಿಯ ಮಟ್ಟಕ್ಕೆ ಇರಲಿ. ಕುರ್ಚಿಯಲ್ಲಿ ಕೂತರೆ ಅದು ನೆಲದಿಂದ ಸುಮಾರು 1 ಮೀಟರ್. ಕೆಂಪು ನೆಲ ದನಿಯನ್ನು ಕನ್ನಡಿಯಂತೆ ವಾಪಸ್ ಎಸೆಯುತ್ತದೆ, ನಿಮಗೂ ಸ್ಪೀಕರಿಗೂ ನಡುವೆ ಒಂದು ಜಮಖಾನ ಹಾಸಿ.

ಕೇಬಲ್ ಟೀವಿ ಸೇರಿಸಿದಾಗ ಗುಂಯ್ ಅಂದರೆ ಸೆಟ್‌ಟಾಪ್ ಬಾಕ್ಸಿನ ಕೇಬಲ್ ಕಿತ್ತು ನೋಡಿ. ನಿಂತಿತೇ? ಕೇಬಲ್ಲಿನ ಕವಚ ಇನ್ನೊಂದು ಅರ್ಥ್ ಹೊತ್ತು ತಂದಿದೆ. ಟೀವಿ, ಬಾಕ್ಸು, ಆಂಪ್ಲಿಫೈಯರ್ ಒಂದೇ ಬೋರ್ಡಿಗೆ ಹಾಕಿ; ಸಾಲದಿದ್ದರೆ ಕೇಬಲ್ಲಿಗೆ ಆ ಅರ್ಥ್ ತಡೆಯುವ ಐಸೋಲೇಟರ್. ಮೂರನೇ ಪಿನ್ ಕತ್ತರಿಸುವ ಬುದ್ಧಿವಂತಿಕೆ ಬೇಡ, ಪ್ರಾಣಕ್ಕೆ ಅಪಾಯ. ಆಪ್ಟಿಕಲ್ ವೈರ್ ಹಾಕುವವರು ತುದಿಯ ಪಾರದರ್ಶಕ ಟೋಪಿ ತೆಗೆದಿದ್ದೀರಾ ನೋಡಿ, ಟೀವಿಯ ಸೌಂಡ್ ಔಟ್‌ಪುಟ್ಟನ್ನು ಪಿಸಿಎಂಗೆ (ಸಾದಾ ಡಿಜಿಟಲ್ ದನಿಗೆ) ಇಡಿ. ಕರೆಂಟ್ ಹೋದಾಗ ಮಾತ್ರ ಜೀಂಯ್ ಅಂದರೆ ಅದು ಸ್ಕ್ವೇರ್‌ವೇವ್ ಇನ್ವರ್ಟರಿನ ರಾಗ.

ಇಷ್ಟು ಬೈದರೂ ಇದನ್ನು ಮಾರುವ ಮನಸ್ಸು ಬರದಿರುವುದು ಎಫ್‌ಎಂನಿಂದ. ಆಂಟೆನಾ ವೈರನ್ನು ಕೊಟ್ಟ ಹಾಗೇ ಸುರುಳಿಯಲ್ಲಿ ಬಿಟ್ಟರೆ ಬರೀ ಸುಯ್ ಸದ್ದು. 100.6 ಮೆಗಾಹರ್ಟ್ಸಿನ ಅಲೆಯ ಉದ್ದ ಸುಮಾರು 3 ಮೀಟರ್, ಕಾಲು ಭಾಗ ಅಂದರೆ 75 ಸೆಂಟಿಮೀಟರ್. ಅಷ್ಟು ಉದ್ದ ಬಿಚ್ಚಿ, ಎಲ್‌ಇಡಿ ಬಲ್ಬಿನಿಂದ ದೂರ, ಮರದ ಕಿಟಕಿ ಚೌಕಟ್ಟಿಗೆ ನೆಟ್ಟಗೆ ಅಂಟಿಸಿ. ಬೆಳಗ್ಗೆ ಡಿಕಾಕ್ಷನ್ ಇಳಿಯುವ ಹೊತ್ತಿಗೆ ಗುಂಡಿ ಕಾಲು ಸುತ್ತು ತಿರುಗಿಸಿದರೆ ಸಾಕು, ತಂಬೂರಿಯ ಶ್ರುತಿ ಅಡುಗೆಮನೆವರೆಗೂ ತುಂಬಿಕೊಳ್ಳುತ್ತದೆ. ಈ ಬೆಲೆಗೆ ಈ ಟ್ಯೂನರ್ ಹೆಚ್ಚೇ.

ಈಗ ವಾಲ್ಯೂಮ್ ತಿರುಗಿಸಿದರೆ ಸ್ವಲ್ಪ ಕರಕರ ಅನ್ನುತ್ತದೆ. ಆಯುಧಪೂಜೆಗೆ ಆಂಪ್ಲಿಫೈಯರಿನ ಜಾಲಿಯ ಮೇಲೇ ಕುಂಕುಮ ಉದುರಿಸಿದರೆ ಇನ್ನೇನಾದೀತು! ಪ್ಲಗ್ ಕಿತ್ತು ಗುಂಡಿಯನ್ನು ಈ ತುದಿಯಿಂದ ಆ ತುದಿಗೆ 20 ಸಲ ತಿರುಗಿಸಿ. ಹೋಗದಿದ್ದರೆ ಕಾಂಟ್ಯಾಕ್ಟ್ ಕ್ಲೀನರ್. ಕೊಬ್ಬರಿ ಎಣ್ಣೆ ಖಂಡಿತ ಅಲ್ಲ. 5ಕ್ಕೆ 4 ಸ್ಟಾರ್. ಕೊಳ್ಳುವವರು ವೈರಿಗೆ ಬೇರೆ ದುಡ್ಡು ಎತ್ತಿಡಿ.