ಲಕ್ಷದ್ವೀಪದ ಪ್ಯಾಕೇಜ್ ಎಂದು ಯಾರಿಗಾದರೂ ಹಣ ಕಳುಹಿಸುವ ಮೊದಲು ದಯವಿಟ್ಟು ಇದನ್ನು ಓದಿ

ಪರ್ಮಿಟ್, ವಿಮಾನ, ದೋಣಿ, ರೆಸಾರ್ಟ್ ಎಲ್ಲವನ್ನೂ ನಾನೇ ಮಾಡಿಸಿಕೊಡುತ್ತೇನೆ ಎಂದು ವಾಟ್ಸಾಪ್‌ನಲ್ಲೇ ವ್ಯವಹಾರ ಮುಗಿಸುವ ಏಜೆಂಟರನ್ನು ನಂಬಿ ಹಣ ಹಾಕಬೇಡಿ. ನಾವು 84,000 ರೂಪಾಯಿ ಹಾಕಿದೆವು. ಬೆನ್ನಿಗೆ ಚೀಲ ಏರಿಸಿಕೊಂಡು ಕೊಚ್ಚಿ ವಿಮಾನ ನಿಲ್ದಾಣದ ಕೌಂಟರಿನ ಮುಂದೆ ನಿಂತಾಗ ನಮ್ಮ ಹೆಸರಿನಲ್ಲಿ ಟಿಕೆಟ್ ಇಲ್ಲ, ಪರ್ಮಿಟ್ ಇಲ್ಲ, ದ್ವೀಪದಲ್ಲಿ ಕೋಣೆಯೂ ಇಲ್ಲ ಎಂಬುದು ಒಂದರ ಹಿಂದೊಂದರಂತೆ ಗೊತ್ತಾಯಿತು. ಮೂರು ತಿಂಗಳಿನಿಂದ ಇದನ್ನು ಬರೆಯಬೇಕೆಂದು ಕುಳಿತು, ನಾಚಿಕೆಯಿಂದ ಎದ್ದು ಹೋಗುತ್ತಿದ್ದೆ. ಈಗ ಬರೆಯದೇ ಇರಲು ಸಾಧ್ಯವಿಲ್ಲದ ಕಾರಣ ಬಂದಿದೆ. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ನನ್ನ ನಾಚಿಕೆಗೆ ಇನ್ನೊಂದು ಕಾರಣವೂ ಇದೆ. ನಾನು ಶಿವಮೊಗ್ಗದಲ್ಲಿ ಒಂದು ಸಹಕಾರಿ ಬ್ಯಾಂಕಿನಲ್ಲಿ ಕೆಲಸ ಮಾಡುತ್ತೇನೆ. ಒಟಿಪಿ ಯಾರಿಗೂ ಹೇಳಬೇಡಿ, ಗುರುತಿಲ್ಲದವರ ಖಾತೆಗೆ ಹಣ ಹಾಕಬೇಡಿ ಎಂದು ವಯಸ್ಸಾದ ಗ್ರಾಹಕರಿಗೆ ದಿನವೂ ತಿಳಿಹೇಳುವವಳು ನಾನು. ನನ್ನಿಂದ ಯಾರೂ ಒಟಿಪಿ ಕೇಳಲಿಲ್ಲ. ಮೂರು ಕಂತಿನಲ್ಲಿ, ಪ್ರತಿ ಸಲವೂ ಯೋಚಿಸಿ, ನಾನೇ ನನ್ನ ಕೈಯಾರೆ ಕಳುಹಿಸಿದೆ.

ಮದುವೆಯಾಗಿ ಹತ್ತು ವರ್ಷ ತುಂಬಿದ ನೆಪದಲ್ಲಿ ಕಳೆದ ಜನವರಿಯಲ್ಲಿ ನಾವಿಬ್ಬರೂ ರಜೆ ಹಾಕಿ, ಕಾರವಾರದಿಂದ ಮಂಗಳೂರಿನವರೆಗೆ ಬಸ್ಸು, ರೈಲು ಮತ್ತು ಕಾಲ್ನಡಿಗೆಯಲ್ಲಿ ಕರಾವಳಿ ಸುತ್ತಿ, ಕೊನೆಗೆ ಮೂರು ರಾತ್ರಿ ದ್ವೀಪದಲ್ಲಿ ವಿಶ್ರಾಂತಿ ಪಡೆಯಬೇಕೆಂದು ಯೋಜನೆ ಹಾಕಿದ್ದೆವು. ಗೋವಾಕ್ಕೆ ಅಥವಾ ಅಂಡಮಾನಿಗೆ ಹೋಗಬಹುದಿತ್ತಲ್ಲ ಎಂದು ಈಗ ಎಲ್ಲರೂ ಕೇಳುತ್ತಾರೆ. ಲಕ್ಷದ್ವೀಪವೇ ಏಕೆಂದರೆ ನನ್ನ ಮಾವನವರು ಮಂಗಳೂರಿನ ಬಂದರಿನ ಒಂದು ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದವರು. ದ್ವೀಪದವರು ಮಂಜಿಗಳಲ್ಲಿ (ಸರಕು ಸಾಗಿಸುವ ಹಾಯಿದೋಣಿಗಳಲ್ಲಿ) ತೆಂಗಿನಕಾಯಿ, ಹುರಿಹಗ್ಗ ತಂದು ಅಕ್ಕಿ ಕೊಂಡು ಹಿಂದಿರುಗುತ್ತಿದ್ದುದನ್ನು ಅವರು ನೂರು ಸಲವಾದರೂ ಹೇಳಿದ್ದಾರೆ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತಕ್ಕೇ ಸೇರಿದ್ದವು. ಮಾವ ಇಂದಿಗೂ ಅವುಗಳನ್ನು 'ನಮ್ಮ ದ್ವೀಪಗಳು' ಎನ್ನುತ್ತಾರೆ, ಆದರೆ ಒಮ್ಮೆಯೂ ಹೋದವರಲ್ಲ. ಅವರ ಪರವಾಗಿ ನಾವಾದರೂ ನೋಡಿ ಬರೋಣ ಎಂಬ ಆಸೆ ನನ್ನ ಯಜಮಾನರದ್ದು. ಈ ಕಥೆಯನ್ನೆಲ್ಲ ನಾನು ಮೊದಲ ಫೋನಿನಲ್ಲೇ ಆ ಏಜೆಂಟನಿಗೆ ಹೇಳಿಬಿಟ್ಟೆ. 'ಹಾಗಾದ್ರೆ ನೀವು ಹೋಗಲೇಬೇಕು ಅಕ್ಕ, ಮಾವನವರಿಗೋಸ್ಕರ ಆದ್ರೂ ಹೋಗಬೇಕು' ಎಂದ. ತಾನೂ ಶಿವಮೊಗ್ಗದ ಕಡೆಯವನೇ ಎಂದ. ಆ ಮಾತಿಗೆ ನಾನು ಕರಗಿದೆ.

ಲಕ್ಷದ್ವೀಪಕ್ಕೆ ನಮ್ಮ ದೇಶದವರೇ ಆದರೂ ಹೊರಗಿನವರು ಸುಮ್ಮನೆ ಹೋಗುವಂತಿಲ್ಲ, 1967ರ ನಿಯಮದ ಪ್ರಕಾರ ಪ್ರವೇಶ ಪರ್ಮಿಟ್ ಪಡೆಯಬೇಕು ಎಂಬುದು ನಿಮಗೂ ಗೊತ್ತಿರಬಹುದು. ಅಲ್ಲಿಗೆ ಹೆಚ್ಚಾಗಿ ಹೋಗುವುದು ಕೊಚ್ಚಿಯಿಂದ; ಒಂದೋ ಹಡಗಿನಲ್ಲಿ, ಇಲ್ಲವೇ ಅಗತ್ತಿ ದ್ವೀಪಕ್ಕೆ ಹೋಗುವ ಸಣ್ಣ ವಿಮಾನದಲ್ಲಿ. ಸೀಟು ಕಡಿಮೆ, ಕೋಣೆಗಳು ಕಡಿಮೆ, ಕಾಗದಪತ್ರ ಹೆಚ್ಚು. ಇದನ್ನೆಲ್ಲ ನಾವೇ ಓಡಾಡಿ ಮಾಡಿಕೊಳ್ಳುವುದು ಕಷ್ಟ ಎಂಬ ನಮ್ಮ ಅಂಜಿಕೆಯೇ ಇಂತಹವರ ಬಂಡವಾಳ.

ಮೊದಲು ನಾನು ಕೇಳಿದ್ದು ಕಡಮತ್ ದ್ವೀಪವನ್ನು. ಎರಡು ದಿನ ಬಿಟ್ಟು, ಕಡಮತ್ ತುಂಬಿದೆ, ಬಂಗಾರಂ ಇನ್ನೂ ಚೆನ್ನಾಗಿದೆ, ಜನವಸತಿಯೇ ಇಲ್ಲದ ದ್ವೀಪ, ಲಗೂನಿನ (ಹವಳದ ದಿಬ್ಬದೊಳಗಿನ ಆಳವಿಲ್ಲದ ಕಡಲಿನ) ದಂಡೆಯಲ್ಲೇ ಕಾಟೇಜು ಎಂದ. ಒಪ್ಪಿಕೊಂಡೆವು. 10,000 ರೂಪಾಯಿ ಮುಂಗಡ ಹಾಕಿದೆ. ಹಣ ಹಾಕುವಾಗ ಯುಪಿಐಯಲ್ಲಿ ಮೂಡಿದ ಹೆಸರು ಅವನದ್ದೂ ಅಲ್ಲ, ಅವನು ಹೇಳಿದ ಸಂಸ್ಥೆಯದ್ದೂ ಅಲ್ಲ, ಯಾವುದೋ ಹೆಂಗಸಿನ ಹೆಸರು. ಕೇಳಿದೆ. 'ಅದು ನಮ್ಮ ಅಕೌಂಟೆಂಟ್ ಖಾತೆ ಅಕ್ಕ, ಕರೆಂಟ್ ಅಕೌಂಟಲ್ಲಿ ಜಿಎಸ್‌ಟಿ ಸಮಸ್ಯೆ ನಡೀತಿದೆ' ಎಂದ. ಬ್ಯಾಂಕಿನವಳಾದ ನಾನು ಅಲ್ಲೇ ನಿಲ್ಲಬೇಕಿತ್ತು. ಅಲ್ಲೇ ನಿಲ್ಲಬೇಕಿತ್ತು ಎಂದು ಈಗ ದಿನಕ್ಕೆ ಹತ್ತು ಸಲ ಅನ್ನಿಸುತ್ತದೆ.

ಮುಂಗಡ ಹಾಕಿದ ವಾರದೊಳಗೆ ವಿಮಾನದ ಟಿಕೆಟ್ ಬಂತು. ಅದು ಖೋಟಾ ಟಿಕೆಟ್ ಆಗಿರಲಿಲ್ಲ, ಇದನ್ನು ಎಲ್ಲರೂ ಗಮನಿಸಬೇಕು. ನಾನು ವಿಮಾನ ಕಂಪನಿಯ ಜಾಲತಾಣದಲ್ಲಿ ಪಿಎನ್ಆರ್ ಹಾಕಿ ನೋಡಿದೆ. ನಮ್ಮಿಬ್ಬರ ಹೆಸರು ಇತ್ತು, ದಿನಾಂಕ ಸರಿಯಿತ್ತು, ಕನ್ಫರ್ಮ್ ಎಂದಿತ್ತು. ಆ ಒಂದು ಪರೀಕ್ಷೆಯಲ್ಲಿ ಅವನು ಪಾಸಾದ ಕಾರಣ ಉಳಿದ ಎಲ್ಲವನ್ನೂ ನಂಬಿದೆ. ಎರಡನೆಯ ಕಂತು 38,000 ಹಾಕಿದೆ. ಡಿಸೆಂಬರ್ ಕೊನೆಯಲ್ಲಿ 'ಪರ್ಮಿಟ್ ಬಂತು ಅಕ್ಕ, ಕಂಗ್ರಾಟ್ಸ್' ಎಂಬ ಸಂದೇಶದೊಂದಿಗೆ ಒಂದು ಪಿಡಿಎಫ್ ಬಂತು. ನಮ್ಮ ಫೋಟೋ, ಹೆಸರು, ಅರ್ಜಿಯ ಸಂಖ್ಯೆ ಎಲ್ಲವೂ ಅದರಲ್ಲಿತ್ತು. ನಮ್ಮ ಮೇಲೆ ಕೇಸಿಲ್ಲ ಎಂದು ಪೊಲೀಸರು ಕೊಡುವ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ಬೇಕಲ್ಲವೇ ಎಂದು ಯಜಮಾನರು ಎರಡು ಸಲ ಕೇಳಿದ್ದರು. 'ಅದೆಲ್ಲ ಒಬ್ಬೊಬ್ಬರೇ ಹೋಗೋರಿಗೆ ಸರ್, ನಮ್ಮ ಪ್ಯಾಕೇಜಿಗೆ ಬೇಡ, ಒಳಗೆ ನಮ್ಮೋರಿದ್ದಾರೆ' ಎಂದಿದ್ದ. ಮೂರನೆಯ ಕಂತು 36,000 ಹಾಕಿದೆ.

ಕರಾವಳಿಯ ದಿನಗಳ ಬಗ್ಗೆ ಇಲ್ಲಿ ಹೆಚ್ಚು ಬರೆಯುವುದಿಲ್ಲ. ಗೋಕರ್ಣದಲ್ಲಿ ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್ ಬೀಚುಗಳನ್ನು ಗುಡ್ಡದ ಕಾಲುದಾರಿಯಲ್ಲಿ ನಡೆದು ದಾಟಿದೆವು. ಹೊನ್ನಾವರದಲ್ಲಿ ಶರಾವತಿ, ಆಮೇಲೆ ಮುರ್ಡೇಶ್ವರ, ಮಲ್ಪೆ. ತಂಗಿದಲ್ಲೆಲ್ಲ ಸಾಧಾರಣ ಕೋಣೆ, ಖಾನಾವಳಿಯ ಊಟ. ಯಾರೂ ನಮಗೆ ಒಂದು ರೂಪಾಯಿ ಮೋಸ ಮಾಡಲಿಲ್ಲ. ಮುರ್ಡೇಶ್ವರದಲ್ಲಿ ಉಳಿದ ಚಿಲ್ಲರೆಯನ್ನು ಕೊಡಲು ಅಂಗಡಿಯ ಹುಡುಗನೊಬ್ಬ ಬಸ್ಸಿನವರೆಗೆ ಓಡಿ ಬಂದ. ಆ ಒಂಬತ್ತು ದಿನ ನಾವು ಕೈ ಬಿಗಿಹಿಡಿದು ಖರ್ಚು ಮಾಡಿದ್ದು ದ್ವೀಪದ ಮೂರು ದಿನಕ್ಕಾಗಿ. ಮಂಗಳೂರಿನಲ್ಲಿ ಒಂದು ರಾತ್ರಿ ಮನೆಯಲ್ಲಿದ್ದೆವು. ಮಾವನವರು ದ್ವೀಪದ ಬೆಲ್ಲ ಸಿಕ್ಕರೆ ತನ್ನಿ ಎಂದು ಐನೂರರ ನೋಟೊಂದನ್ನು ಯಜಮಾನರ ಜೇಬಿಗೆ ತುರುಕಿದರು.

ರಾತ್ರಿಯ ರೈಲಿನಲ್ಲಿ ಹೊರಟು, ಆಲುವಾದಲ್ಲಿ ಇಳಿದು, ಬೆಳಿಗ್ಗೆ ನೆಡುಂಬಾಶ್ಶೇರಿಯಲ್ಲಿರುವ ಕೊಚ್ಚಿ ವಿಮಾನ ನಿಲ್ದಾಣ ತಲುಪಿದೆವು. ದ್ವಾರದಲ್ಲಿ ಮುದ್ರಿತ ಟಿಕೆಟ್, ಆಧಾರ್ ನೋಡಿ ಒಳಗೆ ಬಿಟ್ಟರು. ಕೌಂಟರಿನ ಹುಡುಗಿ ಪಿಎನ್ಆರ್ ಒತ್ತಿದಳು, ಮತ್ತೊಮ್ಮೆ ಒತ್ತಿದಳು, ನಮ್ಮ ಮುಖ ನೋಡಿದಳು. ಈ ಟಿಕೆಟ್ ಆರು ದಿನದ ಹಿಂದೆ ರದ್ದಾಗಿದೆ, ಬುಕ್ ಮಾಡಿದವರೇ ರದ್ದು ಮಾಡಿದ್ದಾರೆ, ಹಣವೂ ಅವರಿಗೇ ಮರಳಿದೆ ಎಂದಳು. ನನಗೆ ಮೊದಲು ಅರ್ಥವೇ ಆಗಲಿಲ್ಲ. ನಾವು ರದ್ದು ಮಾಡಿಲ್ಲ ಎಂದೆ. ರದ್ದಾದ ಸಂದೇಶ ನಿಮಗೆ ಬಂದಿರಬೇಕಲ್ಲ ಎಂದಳು. ಟಿಕೆಟಿನಲ್ಲಿದ್ದ ಮೊಬೈಲ್ ಸಂಖ್ಯೆ, ಇಮೇಲ್ ಎರಡೂ ಅವನವು. ನಮಗೆ ಹೇಗೆ ಬರಬೇಕು? ಆರು ದಿನದ ಹಿಂದೆ ನಾವು ಹೊನ್ನಾವರದಲ್ಲಿದ್ದೆವು. ಅಂದು ಸಂಜೆಯೇ ಅವನು 'ಎಂಜಾಯ್ ಮಾಡಿ ಅಕ್ಕ, ಫೋಟೋ ಕಳ್ಸಿ' ಎಂದು ಸಂದೇಶ ಹಾಕಿದ್ದ. ನಾನು ಶರಾವತಿಯ ಸೂರ್ಯಾಸ್ತದ ಫೋಟೋ ಕಳುಹಿಸಿದ್ದೆ. ಟಿಕೆಟ್ ರದ್ದು ಮಾಡಿದ ದಿನವೇ ಅವನಿಗೆ ನಾನು ಫೋಟೋ ಕಳುಹಿಸಿದ್ದೇನೆ! ಇಂದಿಗೂ ಹೊಟ್ಟೆ ಉರಿಯುವುದು ಅದನ್ನು ನೆನೆದೇ.

ಹೋಗಲಿ, ಸೀಟಿದ್ದರೆ ಹೊಸ ಟಿಕೆಟ್ ಕೊಳ್ಳೋಣ, ರೆಸಾರ್ಟಿಗಂತೂ ಹಣ ಕಟ್ಟಿದ್ದೇವೆ ಎಂದು ಯಜಮಾನರು ಹೇಳಿದರು. ಆಗ ಆಕೆ ಪರ್ಮಿಟ್ ಕೇಳಿದಳು. ಪಿಡಿಎಫ್ ತೆರೆದು ತೋರಿಸಿದೆ. ಆಕೆ ಅದರ ಮೇಲಿನ ಒಂದು ಸಾಲಿನ ಮೇಲೆ ಬೆರಳಿಟ್ಟಳು. ಅದು ಪರ್ಮಿಟ್ ಆಗಿರಲಿಲ್ಲ. ಅರ್ಜಿ ಸಲ್ಲಿಸಿದ್ದಕ್ಕೆ ಸಿಗುವ ರಸೀದಿ ಅದು. ಸಲ್ಲಿಸಲಾಗಿದೆ ಎಂದು ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಬರೆದಿತ್ತು. ನಾನು ಹೆಸರು ಮತ್ತು ಫೋಟೋ ನೋಡಿ ತೃಪ್ತಳಾಗಿದ್ದೆ, ಆ ಸಾಲನ್ನು ಓದಿರಲಿಲ್ಲ. ನಮ್ಮ ಹಿಂದೆ ಸಾಲಿನಲ್ಲಿದ್ದ ದ್ವೀಪದ ಹಿರಿಯರೊಬ್ಬರು ತಮ್ಮ ಗಂಟುಗಳನ್ನು ಬದಿಗೆ ಸರಿಸಿ, ನಾವು ಹೊರಗೆ ಬರಲು ದಾರಿ ಬಿಟ್ಟುಕೊಟ್ಟರು.

ಅಲ್ಲಿಂದಲೇ ಅವನಿಗೆ ಫೋನು ಮಾಡಿದೆ. ಅವನು ಹೇಳಿದ್ದನ್ನು ಕ್ರಮವಾಗಿ ಬರೆಯುತ್ತೇನೆ, ಏಕೆಂದರೆ ನಿಮಗೂ ಇದೇ ಮಾತುಗಳು ಬರುತ್ತವೆ. ಮೊದಲು, 'ಅಯ್ಯೋ, ಏರ್‌ಪೋರ್ಟಿಗೆ ಯಾಕೆ ಹೋದ್ರಿ ಅಕ್ಕ? ಟ್ರಿಪ್ ಪೋಸ್ಟ್‌ಪೋನ್ ಅಂತ ಮೆಸೇಜ್ ಹಾಕಿದ್ನಲ್ಲ' ಎಂದ. ಅಂತಹ ಸಂದೇಶ ಬಂದಿಲ್ಲ ಎಂದೆ. ನಿಮ್ಮ ನೆಟ್‌ವರ್ಕ್ ಸಮಸ್ಯೆ ಎಂದ. ಅರ್ಧ ಗಂಟೆ ಬಿಟ್ಟು, 'ಪರ್ಮಿಟ್ ಲೇಟಾಯ್ತು, ನಿಮ್ಮ ದುಡ್ಡು ಹಾಳಾಗಬಾರ್ದು ಅಂತ ನಾನೇ ಟಿಕೆಟ್ ಕ್ಯಾನ್ಸಲ್ ಮಾಡ್ಸಿದೆ' ಎಂದ. ಹಾಗಿದ್ದರೆ ಆ ಹಣ ಈಗಲೇ ಹಾಕು ಎಂದೆ. ರಿಫಂಡಿಗೆ 45 ವರ್ಕಿಂಗ್ ಡೇಸ್ ಎಂದ. ಸಂಜೆಗೆ ಅಕ್ಕ ಹೋಗಿ ಮೇಡಂ ಆದೆ. 'ಪೊಲೀಸ್ ಕ್ಲಿಯರೆನ್ಸ್ ಕೊಡದೇ ಇದ್ದದ್ದು ನಿಮ್ಮ ತಪ್ಪು ಮೇಡಂ' ಎಂದ. ಬೇಡ ಎಂದು ಅವನೇ ಹೇಳಿದ್ದ ಸಂದೇಶದ ಸ್ಕ್ರೀನ್‌ಶಾಟ್ ಕಳುಹಿಸಿದೆ. ಅದಕ್ಕೆ ಬಂದ ಉತ್ತರ: 'ನೀವು ಓದಿದೋರು, ಬ್ಯಾಂಕಲ್ಲಿರೋರು, ರಸೀದಿಗೂ ಪರ್ಮಿಟ್‌ಗೂ ವ್ಯತ್ಯಾಸ ಗೊತ್ತಾಗಲ್ವಾ?'

ಈ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಆಲುವಾದ ಲಾಡ್ಜಿನ ಕೋಣೆಯಲ್ಲಿ ಫೋನು ಕೆಳಗಿಟ್ಟು ಅತ್ತೆ. ಯಜಮಾನರು ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು.

ಮರುದಿನ ಕೊಚ್ಚಿಯ ವಿಲ್ಲಿಂಗ್ಡನ್ ದ್ವೀಪದಲ್ಲಿರುವ ಲಕ್ಷದ್ವೀಪ ಆಡಳಿತದ ಕಚೇರಿಗೆ ಹೋದೆವು. ಅಲ್ಲಿದ್ದವರು ಅರ್ಜಿಯ ಸಂಖ್ಯೆ ನೋಡಿ, ದಾಖಲೆಗಳು ಪೂರ್ಣವಾಗಿಲ್ಲದ ಕಾರಣ ಅದು ಮುಂದೆ ಹೋಗಿಲ್ಲ ಎಂದು ತಾಳ್ಮೆಯಿಂದ ವಿವರಿಸಿದರು. ಬಂಗಾರಂನ ಬುಕಿಂಗ್ ವಿಚಾರಿಸಿದಾಗ ನಮ್ಮ ಹೆಸರೇ ಅಲ್ಲಿರಲಿಲ್ಲ. ಅದೇ ದಿನ ಏಜೆಂಟನಿಂದ ಕೊನೆಯ ಪ್ರಸ್ತಾಪ ಬಂತು: ಇನ್ನೂ 20,000 ಹಾಕಿದರೆ ಮಾರ್ಚಿನಲ್ಲಿ ಅಂಡಮಾನಿಗೆ ಕಳುಹಿಸುತ್ತಾನಂತೆ. ಪೊಲೀಸರಿಗೆ ದೂರು ಕೊಡುತ್ತೇನೆ ಎಂದೆ. ಅವನು, ವಕೀಲರಿಂದ ನೋಟಿಸ್ ಕಳಿಸುತ್ತೇನೆ, ನನ್ನ ಹೆಸರು ಕೆಡಿಸಿದರೆ ನಷ್ಟ ಕಟ್ಟಬೇಕಾಗುತ್ತದೆ ಎಂದು ಬರೆದು ನನ್ನನ್ನು ಬ್ಲಾಕ್ ಮಾಡಿದ.

ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ದಾಖಲಿಸಿದೆವು, ಊರಿಗೆ ಬಂದು ಠಾಣೆಯಲ್ಲೂ ಕೊಟ್ಟೆವು. ಹಣ ಹೋದ ಕೆಲವೇ ಗಂಟೆಗಳಲ್ಲಿ ಕರೆ ಮಾಡಿದರೆ ಆ ಖಾತೆಯಲ್ಲೇ ಅದನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು. ನಮ್ಮ ವಿಷಯದಲ್ಲಿ ವಾರಗಳೇ ಕಳೆದಿದ್ದವು. ಆ ಹೆಂಗಸಿನ ಖಾತೆಯಲ್ಲಿ ತಡೆಹಿಡಿಯಲು ಸಿಕ್ಕಿದ್ದು 4,100 ರೂಪಾಯಿ. ಈಗ ಶಿವಮೊಗ್ಗದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಸಿದ್ಧಪಡಿಸುತ್ತಿದ್ದೇವೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನಾವು ವಾಸಿಸುವ ಊರಿನಲ್ಲೇ ದೂರು ಕೊಡಬಹುದು, 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ಹಣ ಬರುತ್ತದೆಂಬ ನಂಬಿಕೆ ನನಗಿಲ್ಲ, ಆದರೂ ಬಿಡುವುದಿಲ್ಲ.

ಹೋಗುವವರು ಇಷ್ಟನ್ನಾದರೂ ಮಾಡಿ. ಟಿಕೆಟನ್ನು ನೀವೇ ಕೊಳ್ಳಿ. ಬೇರೆಯವರು ಕೊಂಡರೂ ಅದರಲ್ಲಿ ನಿಮ್ಮದೇ ಮೊಬೈಲ್ ಸಂಖ್ಯೆ, ನಿಮ್ಮದೇ ಇಮೇಲ್ ಇರಬೇಕೆಂದು ಹಟ ಹಿಡಿಯಿರಿ. ಪಿಎನ್ಆರ್ ಒಮ್ಮೆ ನೋಡಿ ಸುಮ್ಮನಾಗಬೇಡಿ, ಹೊರಡುವ ವಾರದಲ್ಲಿ ದಿನವೂ ನೋಡಿ. ಪರ್ಮಿಟ್ ಎಂದು ಕಳುಹಿಸಿದ ಕಾಗದದ ಪ್ರತಿ ಸಾಲನ್ನೂ ಓದಿ. ರೆಸಾರ್ಟಿಗೆ ನೇರವಾಗಿ ಫೋನು ಮಾಡಿ ನಿಮ್ಮ ಹೆಸರು ಕೇಳಿ. ಯುಪಿಐಯಲ್ಲಿ ಬೇರೆ ಹೆಸರು ಮೂಡಿದರೆ, ಎದುರಿನವನು ನಿಮ್ಮ ಊರಿನವನೇ ಆಗಿರಲಿ, ನಿಮ್ಮನ್ನು ಅಕ್ಕ ಎಂದೇ ಕರೆಯಲಿ, ಹಣ ಹಾಕಬೇಡಿ.

ಇದನ್ನು ಈಗ ಬರೆದ ಕಾರಣ ಇದು. ನಿನ್ನೆ ನನ್ನ ಸಹೋದ್ಯೋಗಿಯೊಬ್ಬರು ತಮ್ಮ ತಂಗಿಗೆ ಬಂದ ಸಂದೇಶವನ್ನು ತೋರಿಸಿದರು. ಹೊಸ ಸಂಖ್ಯೆ, ಹೊಸ ಸಂಸ್ಥೆಯ ಹೆಸರು, ಬಂಗಾರಂನ ಅದೇ ಫೋಟೋ, 10,000 ರೂಪಾಯಿ ಮುಂಗಡ, ಹಣ ಹಾಕಬೇಕಾದ ಖಾತೆಗೆ ಅದೇ ಹೆಂಗಸಿನ ಹೆಸರು. ಆ ಹುಡುಗಿಯ ಮದುವೆಯಾಗಿ ಇನ್ನೂ ಎರಡು ತಿಂಗಳು. ಆಕೆ ಹಣ ಹಾಕಿಲ್ಲ. ಅದೇ ಸಂದೇಶ ಬೇರೆ ಯಾರಿಗೆಲ್ಲ ಹೋಗಿದೆಯೋ, ಅವರಿಗೆ ಈ ಬರಹ ತಲುಪಲಿ ಎಂದು ಕೇಳಿಕೊಳ್ಳುತ್ತೇನೆ.