ರಾತ್ರಿ ಹನ್ನೆರಡಕ್ಕೆ ತೆರೆಯುವ ಬೀಗ: ಆಪ್ ಟೈಮರ್ ಜೊತೆ ಒಂದೂವರೆ ವರ್ಷ

ಫೋನಿನ ಸೆಟ್ಟಿಂಗ್ಸ್‌ನಲ್ಲೇ ಇರುವ, ದಿನಕ್ಕೆ ಇಟ್ಟ ನಿಮಿಷ ಮುಗಿದರೆ ಆಪ್‌ಗೆ ಬೀಗ ಹಾಕುವ ಆಪ್ ಟೈಮರ್ ಎಲ್ಲರಿಗೂ ಗೊತ್ತು. ಆನ್ ಮಾಡುವುದು ಹೇಗೆ ಅಂತ ಬರೆಯೋದಿಲ್ಲ. ನನ್ನದು ಒಂದೇ ದೂರು. ಈ ಬೀಗ ರಾತ್ರಿ 12ಕ್ಕೆ ತಾನಾಗಿ ತೆರೆದುಕೊಳ್ಳುತ್ತದೆ!

ಎಂ.ಕಾಂ. ಸೇರಿದಾಗ ಇನ್‌ಸ್ಟಾಗ್ರಾಮ್‌ಗೆ 30 ನಿಮಿಷ ಇಟ್ಟೆ. ಆ ಲೆಕ್ಕ ಸುಮ್ನೆ ಬಂದದ್ದಲ್ಲ. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನಕ್ಕೆ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು 143 ವಿದ್ಯಾರ್ಥಿಗಳನ್ನು ಎರಡು ಗುಂಪು ಮಾಡಿದ್ದರು. ಒಂದು ಗುಂಪಿಗೆ ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ಸ್ನ್ಯಾಪ್‌ಚಾಟ್ ದಿನಕ್ಕೆ ತಲಾ 10 ನಿಮಿಷ ಮಾತ್ರ. ಮೂರು ವಾರದಲ್ಲಿ ಅವರ ಒಂಟಿತನ, ಖಿನ್ನತೆ ಕಡಿಮೆಯಾಯಿತು. ನಾನು ಮೂರರ ಪಾಲನ್ನೂ ಒಂದಕ್ಕೇ ಸುರಿದೆ, ಅಷ್ಟೇ.

ಸೋಮವಾರಪೇಟೆಯಿಂದ ಕುಶಾಲನಗರದ ಬಸ್ಸಿನಲ್ಲೇ 30 ನಿಮಿಷ ಖಾಲಿ. ಟೈಮರ್ ತೆಗೆದುಹಾಕಬಹುದಿತ್ತು, ಅದು ಮೋಸ ಅನ್ನಿಸುತ್ತಿತ್ತು. ಹನ್ನೆರಡಾಗುವವರೆಗೆ ಕಾಯುವುದು ಮಾತ್ರ ಮೋಸ ಅಲ್ವಲ್ಲಾ! ಮೊದಲು ಹನ್ನೊಂದಕ್ಕೆ ಮಲಗುತ್ತಿದ್ದವಳು, ಕಂಬಳಿಯೊಳಗೆ ನಾಳೆಯ ಪಾಲನ್ನೂ ನೋಡಿ ಮುಗಿಸತೊಡಗಿದೆ. ಬೆಳಗ್ಗೆ ಕ್ಲಾಸಿನಲ್ಲಿ ಆಕಳಿಕೆ. ಇಂಟರ್ನಲ್ಸ್‌ನಲ್ಲಿ 20ಕ್ಕೆ 9. ದುಡ್ಡು ಕೊಟ್ಟರೆ ಗಟ್ಟಿ ಬೀಗ ಹಾಕುವ ಆಪ್‌ಗಳಿವೆ. ಪ್ರೈವೇಟ್ ಬಸ್ಸಿನ ಚಿಲ್ಲರೆಗೇ ಲೆಕ್ಕ ಹಾಕುವವಳಿಗೆ ಅವು ಬೇಡ.

ಆದರೂ ಟೈಮರ್ ಆಫ್ ಮಾಡಿಲ್ಲ. ಕಾರಣ, ದಿನಕ್ಕೆ ಎಷ್ಟು ಹೊತ್ತು ಫೋನ್ ನೋಡಿದೆ ಅಂತ ಪಕ್ಕದಲ್ಲೇ ತೋರಿಸುವ ಗ್ರಾಫ್. ರಾತ್ರಿ ಊಟ ಮುಗಿಸಿ, ನಾನು ಮತ್ತು ರೂಮಿನ ಗೆಳತಿ ಫೋನುಗಳನ್ನು ಅಕ್ಕಪಕ್ಕ ಇಡುತ್ತೇವೆ. ಯಾರ ಗೆರೆ ಉದ್ದವೋ ಅವರು ಬೆಲ್ಲದ ಕಾಫಿ ಮಾಡಬೇಕು. ಪುಡಿ ನಮ್ಮ ತೋಟದ್ದು, ಬೆಲ್ಲ ಅವಳ ಮನೆಯದು. ಲೋಟ ಹಿಡಿದು "ಇವತ್ತು ಎರಡು ಗಂಟೆ ಎಂಥ ನೋಡಿದೆ ಮಾರಾಯ್ತಿ?" ಅಂತ ಅವಳು ಕೇಳಿದರೆ, ಒಂದು ರೀಲ್ ಕೂಡ ನೆನಪಿಗೆ ಬರುವುದಿಲ್ಲ. ಆ ಪೆನ್ಸಿಲ್ವೇನಿಯಾದಲ್ಲಿ ಮಿತಿ ಇಲ್ಲದ ಗುಂಪಿನಲ್ಲೂ ಆತಂಕ ಇಳಿದಿತ್ತಂತೆ. ತಮ್ಮ ಬಳಕೆಯ ಮೇಲೆ ಕಣ್ಣಿಟ್ಟದ್ದರಿಂದಲೇ ಇರಬಹುದು ಅಂತ ಅವರ ಊಹೆ. ನಂಬುತ್ತೇನೆ.

ಜುಲೈ ಮಳೆಗೆ ಊರಲ್ಲಿ ಕರೆಂಟ್ ಹೋಗಿ, ಟವರ್ ಕೂಡ ಸತ್ತು, ಮೂರು ದಿನ ಗ್ರಾಫ್ ಖಾಲಿ. ಓದಿದೆನಾ? ಇಲ್ಲ. ಒಲೆ ಮುಂದೆ ಕೂತು ಹಲಸಿನ ಬೀಜ ಸುಟ್ಟು ತಿಂದೆ, ಚೆನ್ನಾಗಿ ನಿದ್ದೆ ಮಾಡಿದೆ. ಅಷ್ಟರಲ್ಲಿ ಕ್ಲಾಸಿನ ವಾಟ್ಸಾಪ್ ಗ್ರೂಪಿನಲ್ಲಿ ನನ್ನ ಸೆಮಿನಾರ್ ದಿನ ಬದಲಾಗಿ, ಮುಗಿದೂ ಹೋಗಿತ್ತು. ಫೋನ್ ಬಿಸಾಡಿ ಅನ್ನುವವರು ಇದಕ್ಕೇನು ಹೇಳುತ್ತಾರೋ.

ಬೀಗಕ್ಕೆ 5ಕ್ಕೆ 1. ಗ್ರಾಫಿಗೆ 4. ನಿನ್ನೆ ಕಾಫಿ ಮಾಡಿದ್ದು ನಾನೇ.