ಸಾನಿಕ್ಸ್ ಕೇಳೋಕೆ ಎಲ್ಲಿಂದ ಶುರು ಮಾಡೋದು?

‘ದಿ ಸಾನಿಕ್ಸ್ ಕೇಳಬೇಕು, ಯಾವ ಆಲ್ಬಂ ಮೊದಲು?’ ಎಂದು ಗೆಳೆಯನೊಬ್ಬ ಕೇಳಿದ. ಸುಮ್ನೆ ಒಂದು ಹೆಸರು ಹೇಳಿಬಿಡಲು ಮನಸ್ಸಾಗಲಿಲ್ಲ. ಒಂದು ವಾರ ಒಂದೇ ಹೆಡ್‌ಫೋನ್ ಹಾಕಿಕೊಂಡು, ವಾಲ್ಯೂಮ್ ಮುಟ್ಟದೆ, ಅವರ ಅರವತ್ತರ ದಶಕದ ಮೂರೂ ಆಲ್ಬಂ ಮತ್ತೆ ಮತ್ತೆ ಕೇಳಿದೆ.

ಅಮೆರಿಕದ ವಾಷಿಂಗ್ಟನ್ ರಾಜ್ಯದ ಟಕೋಮಾದ ಐದು ಹುಡುಗರ ರಾಕ್ ಬ್ಯಾಂಡ್ ಇದು. ಮೊದಲ ಆಲ್ಬಂ ‘ಹಿಯರ್ ಆರ್ ದಿ ಸಾನಿಕ್ಸ್’ ಬಂದದ್ದು 1965ರಲ್ಲಿ. ಸಿಯಾಟಲ್‌ನಲ್ಲಿ ಕರ್ನಿ ಬಾರ್ಟನ್ ಅವರ ಸ್ಟುಡಿಯೋದಲ್ಲಿ, ಬರೀ ಎರಡು ಟ್ರ್ಯಾಕಿನ, ಅಂದರೆ ಸದ್ದನ್ನು ಎರಡೇ ಸಾಲಾಗಿ ಬೇರೆ ಬೇರೆ ಹಿಡಿಯಬಲ್ಲ, ಟೇಪಿನ ಮೇಲೆ ರೆಕಾರ್ಡ್ ಆಯಿತು. ಇಡೀ ಡ್ರಮ್ ಸೆಟ್‌ಗೆ ಒಂದೇ ಮೈಕ್! ಹಾಗಾಗಿ ಬಾಬ್ ಬೆನೆಟ್ ಬಾರಿಸುವುದು ಬಿಡಿಬಿಡಿಯಾಗಿ ಕೇಳಿಸುವುದಿಲ್ಲ. ಎಲ್ಲ ಒಟ್ಟಿಗೆ ಬಂದು ಎದೆಗೆ ಗುದ್ದುತ್ತದೆ. ನಿರ್ವಾಣ ಬ್ಯಾಂಡಿನ ಗಾಯಕ ಕರ್ಟ್ ಕೋಬೇನ್ ಮನಸೋತದ್ದೂ ಈ ಡ್ರಮ್ ಸದ್ದಿಗೇ.

ಇದರಲ್ಲಿರುವ ‘ಹ್ಯಾವ್ ಲವ್, ವಿಲ್ ಟ್ರಾವೆಲ್’ ಒಂದನ್ನೇ ಹತ್ತು ಸಲ ಕೇಳಿರಬೇಕು. ರಿಚರ್ಡ್ ಬೆರ್ರಿಯ ಹಾಡದು, ಮೂಲದಲ್ಲಿ ಎಷ್ಟು ಮೆತ್ತಗಿದೆ! ಇವರ ಕೈಯಲ್ಲಿ ಗಿಟಾರ್, ಸ್ಯಾಕ್ಸೋಫೋನ್ ಎರಡೂ ಸೇರಿ ಗುರುಗುಟ್ಟುತ್ತವೆ. ಗಾಯಕ ಜೆರ್ರಿ ರೋಸ್ಲಿ ಕಿರುಚಿದಾಗ ದನಿ ಒಡೆದು ಹರಿಯುತ್ತದೆ. ಟೇಪ್ ಹಿಡಿಸಲಾರದಷ್ಟು ಜೋರಾಗಿ ಸದ್ದು ಬಂದರೆ ಅದರ ತುದಿ ಹೀಗೆ ಒರಟಾಗುತ್ತದೆ. ಇಲ್ಲಿ ಆ ಒರಟುತನವೇ ಹಾಡಿನ ಜೀವ. 2003ರಲ್ಲಿ ದಿ ಬ್ಲ್ಯಾಕ್ ಕೀಸ್ ಬ್ಯಾಂಡ್ ಇದೇ ಹಾಡನ್ನು ಎತ್ತಿಕೊಂಡಾಗಲೂ ಅದರೊಳಗೆ ನನಗೆ ಕೇಳಿಸಿದ್ದು ಸಾನಿಕ್ಸ್ ಗುರುಗುಡುವಿಕೆಯೇ.

1966ರ ‘ಬೂಮ್’ ಇನ್ನೂ ಒರಟು. ಟಕೋಮಾದ ಸ್ಟುಡಿಯೋ ಗೋಡೆಗೆ ಸದ್ದು ಹೀರಲೆಂದು ಅಂಟಿಸಿದ್ದನ್ನೆಲ್ಲ ಕಿತ್ತುಹಾಕಿ ನುಡಿಸಿದರಂತೆ. ಖಾಲಿ ಕೋಣೆಯ ಆ ಮೊಳಗು ಚೆನ್ನಾಗಿಯೇ ಗೊತ್ತಾಗುತ್ತದೆ. ಆದರೆ ಹಾಡುಗಳ ಗಟ್ಟಿತನ ನೋಡಿದರೆ ನನಗೆ ಮೊದಲನೆಯದೇ ಜಾಸ್ತಿ ಇಷ್ಟ.

ಮೂರನೆಯದು, 1967ರ ‘ಇಂಟ್ರೊಡ್ಯೂಸಿಂಗ್ ದಿ ಸಾನಿಕ್ಸ್’ ಹಾಕಿದಾಗ ನಿಜಕ್ಕೂ ಬೇಜಾರಾಯಿತು. ಹಾಲಿವುಡ್‌ನ ಒಳ್ಳೆಯ ಸ್ಟುಡಿಯೋ, ನುರಿತ ಕೈಗಳು. ಪ್ರತಿ ವಾದ್ಯವೂ ತನ್ನ ಜಾಗದಲ್ಲಿ ನೀಟಾಗಿ ಕೂತಿದೆ. ಅದೇ ತೊಂದರೆ. ಒಂದರ ಮೇಲೊಂದು ಬಿದ್ದು ಕಾದಾಡುತ್ತಿದ್ದವರು ಇಲ್ಲಿ ಸರದಿ ಕಾಯುತ್ತಿದ್ದಾರೆ. ರೋಸ್ಲಿ ಅಷ್ಟೇ ಜೋರಾಗಿ ಕೂಗಿದರೂ ಸುತ್ತ ಬೆಂಕಿಯಿಲ್ಲ. ಬ್ಯಾಂಡಿನವರಿಗೂ ಈ ಸದ್ದು ಹಿಡಿಸಿರಲಿಲ್ಲ. ‘ಯು ಗಾಟ್ ಯುವರ್ ಹೆಡ್ ಆನ್ ಬ್ಯಾಕ್‌ವರ್ಡ್ಸ್’ ಹಾಡನ್ನು ಮಾತ್ರ ನಾನು ಬಿಡಲಾರೆ.

ಮೊದಲನೆಯದನ್ನು ಮೊನೊದಲ್ಲೇ, ಅಂದರೆ ಎರಡೂ ಕಿವಿಗೆ ಒಂದೇ ಸದ್ದು ಬರುವಂತೆ, ಕೇಳು, ಆಮೇಲೆ ‘ಬೂಮ್’, ಅಲ್ಲಿಂದ ನೇರ 2015ರ ‘ದಿಸ್ ಈಸ್ ದಿ ಸಾನಿಕ್ಸ್’ಗೆ ಹಾರು ಎಂದು ಗೆಳೆಯನಿಗೆ ಬರೆದೆ. ಬೇಕಾದಷ್ಟು ಟ್ರ್ಯಾಕ್ ಸಿಗುವ ಕಾಲದಲ್ಲೂ ಅದನ್ನು ಅವರು ಮಾಡಿದ್ದು ಮೊನೊದಲ್ಲೇ.